ಹಡಾರಾ ಕುದುರೆ ಏರಿದ ವರ್ಷ

ಕರಾಮಾ, ಜೂನ್ 9, 1978

ತಮ್ಮ ಬೊರಹಿಮಾನಿಗೆ ಅಕ್ಕ ಹಡಾರಾಳ ಸಲಾಮು. ನಾನು ಉಂಡು ತಿಂದು ಗಟ್ಟಿಯಾಗಿದ್ದೇನೆ, ನೀನೂ ಹಾಗೇ ಇರಬೇಕು.

ಜಲಾಲುವಿನ ಹಡಗು ನಾಳೆ ಕಡಲು ದಾಟಿ ನಿನ್ನ ಕೋಟಬಾರುವಿಗೆ ಹೊರಡುತ್ತದೆಂದು ಅವನ ಹೆಂಡತಿ ಹೇಳಿದಳು. ಅದಕ್ಕೇ ಮಗ್ಗ ಬಿಟ್ಟು ಬರೆಯಲು ಕೂತೆ. ಹಗ್ಗ ಸುತ್ತಲು ಬಾರದೆ ನಿನ್ನಿಂದ ಬೈಸಿಕೊಳ್ಳುತ್ತಿದ್ದ ಜಲಾಲು ಈಗ ತಾನೇ ಹಡಗು ನಡೆಸುವ ತಂಡೇಲನಾಗಿ ನಾಲ್ಕು ಜನರನ್ನು ಬೈಯುತ್ತಾನೆ. ಬೈಯುವುದು ಥೇಟು ನಿನ್ನ ಹಾಗೇ.

ಇಲ್ಲೀಗ ಹಾರುಮೀನಿನ ಮೊಟ್ಟೆಯ ಕಾಲ. ಗಂಡಸರೆಲ್ಲ ಕಡಲ ನಡುವೆ ತೆಂಗಿನ ಗರಿ ತೇಲಿಬಿಟ್ಟು, ಮೀನು ಬಂದು ಮೊಟ್ಟೆಯಿಡಲೆಂದು ಕಾಯುತ್ತಿದ್ದಾರೆ. ಊರಿನಲ್ಲಿ ಉಳಿದವರು ಹೆಂಗಸರು, ಮಕ್ಕಳು, ಆಡುಗಳು, ಮಸೀದಿಯ ಕಟ್ಟೆಯ ಮೇಲಿನ ಮುದುಕರು. ಮನೆಮನೆಯಿಂದ ಮಗ್ಗದ ಸದ್ದು ಬಿಟ್ಟರೆ ಬೇರೇನೂ ಕೇಳಿಸುವುದಿಲ್ಲ.

ದೊಡ್ಡ ಬಾವಿಯ ಪಕ್ಕದ ಮನೆಗೆ ಚಂಪಲಗಿಯನ್ ಊರಿನಿಂದ ಹೊಸ ಗುರುಗಳು ಬಂದಿದ್ದಾರೆ. ಒಬ್ಬರೇ ಇರುತ್ತಾರೆ. ಜೊತೆಯವರು ತೀರಿಹೋಗಿ ಬಹಳ ಕಾಲವಾಯಿತಂತೆ. ದಿನಾ ಸಂಜೆ ನಾನು ಅಲ್ಲಿಗೆ ಹೋಗಿಬರುತ್ತೇನೆ. ಹುಳಿಮಾವಿನ ಹೋಳು ಹಾಕಿ ನಾನು ಮಾಡುವ ಮೀನುಸಾರೆಂದರೆ ಅವರಿಗೆ ಪ್ರಾಣ. ಹೋಗುವಾಗ ಒಂದು ಬಟ್ಟಲು ಒಯ್ಯುತ್ತೇನೆ. ಮಾತು ಕಡಿಮೆ, ಸಿಟ್ಟು ಮೂಗಿನ ತುದಿಯಲ್ಲಿ. ಆದರೂ ಅವರ ಎದುರು ಕೂತರೆ ಹೊತ್ತು ಹೋದದ್ದೇ ತಿಳಿಯುವುದಿಲ್ಲ.

ಇನ್ನೊಂದು ವಿಷಯವಿದೆ, ಈಗ ಹೇಳುವುದಿಲ್ಲ. ಮೊದಲು ಗಟ್ಟಿಯಾಗಲಿ.

ನೀನು ಊರ ಕಡೆ ಯಾವಾಗ ಬರುತ್ತೀಯ ಎಂದು ಕೇಳಿ ಕೇಳಿ ನನಗೇ ಬೇಸರವಾಗಿದೆ. ಆದ್ದರಿಂದ ಈ ಸಲ ಕೇಳಿಲ್ಲ ಎಂದು ತಿಳಿದುಕೋ.

ಅಕ್ಕ ಹಡಾರಾ

*

ಕೋಟಬಾರು, ಜುಲೈ 3, 1978

ಹಿರಿಯಕ್ಕನ ಪಾದಕ್ಕೆ ತಮ್ಮನ ಸಲಾಮು.

ನಿನ್ನ ಪತ್ರ, ಒಣಮೀನು ಎರಡೂ ಸಿಕ್ಕವು. ಮೀನನ್ನು ಗಲುಹ್ ಆ ದಿನವೇ ಹುರಿದಳು. ಇಲ್ಲಿಯ ಬಂಜಾರ್ ಜನದವಳಾದರೂ ನನ್ನ ಹೆಂಡತಿಗೆ ನಮ್ಮೂರ ರುಚಿ ಈಗ ನನಗಿಂತ ಚೆನ್ನಾಗಿ ಗೊತ್ತು.

ಇಲ್ಲಿ ನನಗೆ ಪುರುಸೊತ್ತೆಂಬುದೇ ಇಲ್ಲ. ಈ ತಿಂಗಳು ಸುರಬಾಯಕ್ಕೆ ಮರದ ಹಲಗೆ ಹೋಗಬೇಕು, ಬರುವಾಗ ಉಪ್ಪು ತರಬೇಕು. ತಂಡೇಲನಿಲ್ಲದೆ ಹಡಗು ಹೊರಡುತ್ತದೆಯೇ? ಊರಿಗೆ ಬರಬೇಕೆಂದರೆ ಗಾಳಿ ಎದುರಿನಿಂದ ಬೀಸುತ್ತಿದೆ. ಮೂಡಣ ಗಾಳಿ ಇಳಿಯಲಿ, ನೋಡೋಣ.

ಅದಿರಲಿ, ಯಾರು ಈ ಗುರುಗಳು? ವಯಸ್ಸೆಷ್ಟು? ಅವರ ಕಡೆಯವರು ಯಾರಾದರೂ ಇದ್ದಾರೆಯೇ? ಭಾವ ತೀರಿಹೋದ ಮೇಲೆ ನೀನು ಒಬ್ಬರ ಮನೆಗೆ ಸಾರು ಹೊತ್ತುಕೊಂಡು ಹೋದದ್ದನ್ನು ನಾನು ಕೇಳಿಲ್ಲ. ತಪ್ಪು ಎಂದು ಹೇಳುತ್ತಿಲ್ಲ. ಕೇಳಿದೆ ಅಷ್ಟೇ.

ಬೊರಹಿಮಾ

*

ಕರಾಮಾ, ಜುಲೈ 26, 1978

ತಮ್ಮಾ, ಎಲ್ಲರೂ ಕ್ಷೇಮ. ಗಂಡಸರು ಮೊಟ್ಟೆ ತುಂಬಿಕೊಂಡು ಮರಳುತ್ತಿದ್ದಾರೆ. ಊರಿನ ಮುಖವೆಲ್ಲ ಕಪ್ಪಗಾಗಿ, ಹಲ್ಲು ಮಾತ್ರ ಬೆಳ್ಳಗೆ ಕಾಣುತ್ತಿದೆ.

ಗುರುಗಳ ವಯಸ್ಸು ಎಪ್ಪತ್ತರ ಹತ್ತಿರ. ಕಣ್ಣು ಚುರುಕು, ಬೆನ್ನು ನೇರ. ಅವರ ಕಡೆಯವರು ಯಾರೂ ಇಲ್ಲ, ಅದಕ್ಕೇ ನಮ್ಮೂರಿಗೆ ಬಂದರು. ನೀನು ಯಾಕೆ ಇದನ್ನೆಲ್ಲ ಕೇಳುತ್ತೀಯೋ ತಿಳಿಯಲಿಲ್ಲ.

ವಿಷಯ ಈಗ ಅರ್ಧ ಗಟ್ಟಿಯಾಗಿದೆ. ಪ್ರವಾದಿ ಹುಟ್ಟಿದ ಮೌಲಿದ್ ಹಬ್ಬದ ಹೊತ್ತಿಗೆ ಮುಗಿಸಿಬಿಡೋಣ ಎಂದು ಗುರುಗಳು ಹೇಳುತ್ತಾರೆ. ನನಗೇ ಧೈರ್ಯ ಸಾಲದು. ಊರಿಗೆ ಹೇಗೋ ಸುದ್ದಿ ಹತ್ತಿದೆ, ಬಾವಿಯ ಹತ್ತಿರ ಹೋದರೆ ಹೆಂಗಸರು ಮೊಣಕೈಯಲ್ಲಿ ತಿವಿದುಕೊಂಡು ನಗುತ್ತಾರೆ. ಈ ವಯಸ್ಸಿನಲ್ಲಿ ಇವಳಿಗೆ ಇದೆಲ್ಲ ಬೇಕಿತ್ತೇ ಎಂದು ಕುದುರೆಯ ಸಾಲೆಂಗ್ ನನ್ನ ಮುಖಕ್ಕೇ ಕೇಳಿದ. ಕುದುರೆ ಕೇಳಿದರೆ ಅವನು ಕೊಡುತ್ತಾನೋ ಇಲ್ಲವೋ. ನನಗೆ ಬೇಕೆಂದು ಬಿಳಿ ಬಟ್ಟೆ ತರಿಸಿ ಪೆಟ್ಟಿಗೆಯಲ್ಲಿ ಇಟ್ಟಿದ್ದೇನೆ. ಆಗಾಗ ತೆಗೆದು ಮುಟ್ಟಿ ನೋಡಿ ಮತ್ತೆ ಮಡಚಿಡುತ್ತೇನೆ, ಹುಡುಗಿಯ ಹಾಗೆ.

ನೀನು ನಗಬೇಡ. ಊರೆಲ್ಲ ನಕ್ಕರೂ ಸರಿ, ನೀನು ನಗಬೇಡ.

ಹಡಾರಾ

*

ಕೋಟಬಾರು, ಸೆಪ್ಟೆಂಬರ್ 17, 1978

ಅಕ್ಕನಿಗೆ ಈದ್ ಹಬ್ಬದ ಸಲಾಮುಗಳು.

ನಿನ್ನ ಪತ್ರ ಓದಿ ಉಪವಾಸದ ತಿಂಗಳಿಡೀ ಯೋಚಿಸಿದೆ. ಮೊದಲು ಸಿಟ್ಟು ಬಂತು, ಸುಳ್ಳು ಹೇಳುವುದಿಲ್ಲ. ಅಪ್ಪ ಅಮ್ಮ ಇಲ್ಲದ ಮೇಲೆ ನಮ್ಮ ಮನೆಯ ಗಂಡಸು ನಾನು, ಕುದುರೆಯವನಿಗೆ ಗೊತ್ತಾದ ಮೇಲೆ ನನಗೆ ಗೊತ್ತಾಯಿತೇ ಎಂದು. ಗಲುಹ್ ನನ್ನನ್ನು ಕೂರಿಸಿ ಬುದ್ಧಿ ಹೇಳಿದಳು. ನಿಮ್ಮಕ್ಕ ಮೂವತ್ತು ವರ್ಷ ಒಬ್ಬ ಮೀನುಗಾರನಿಗಾಗಿ ದಡದಲ್ಲಿ ನಿಂತು ಕಾದವಳು, ಇನ್ನು ಯಾರನ್ನೂ ಕಾಯದೆ ಒಬ್ಬರ ಜೊತೆ ಕೂತು ಉಣ್ಣಲಿ ಬಿಡಿ ಎಂದಳು. ಅದು ನನ್ನ ಎದೆಗೆ ತಾಗಿತು.

ಆದ್ದರಿಂದ ಅಕ್ಕಾ, ನನ್ನ ಒಪ್ಪಿಗೆ ಇದೆ. ನಗುವವರು ನಗಲಿ. ಎಪ್ಪತ್ತು ವರ್ಷವಾದರೇನು, ಬೆನ್ನು ನೇರವಾಗಿದೆ ಎಂದು ನೀನೇ ಬರೆದಿದ್ದೀಯ.

ಗುರುಗಳಿಗೆ ಪ್ರತ್ಯೇಕವಾಗಿ ಒಂದು ಪತ್ರ ಬರೆದು ಇದರ ಜೊತೆ ಕಟ್ಟಿದ್ದೇನೆ. ನನ್ನ ಅಕ್ಕ ಬಾಯಿ ಜೋರು, ಮನಸ್ಸು ಬೆಣ್ಣೆ, ಚೆನ್ನಾಗಿ ನೋಡಿಕೊಳ್ಳಿ ಎಂದು ಬರೆದಿದ್ದೇನೆ. ಮದುಮಗನಿಗೆಂದು ಒಂದು ಮಖಮಲ್ಲಿನ ಕರಿಟೋಪಿ, ಚೌಕುಳಿಯ ಲುಂಗಿ, ಒಂದು ಒಳ್ಳೆಯ ಕ್ಷೌರದ ಕತ್ತಿ ಕಳಿಸಿದ್ದೇನೆ. ಕತ್ತಿ ಸಿಂಗಾಪುರದ್ದು, ತುಕ್ಕು ಹಿಡಿಯುವುದಿಲ್ಲ.

ನಿನ್ನ ತಮ್ಮ ಬೊರಹಿಮಾ

*

ಕರಾಮಾ, ಅಕ್ಟೋಬರ್ 8, 1978

ನನ್ನ ಬಂಗಾರದ ಪೆದ್ದ ತಮ್ಮಾ,

ನಕ್ಕು ನಕ್ಕು ಪಕ್ಕೆ ಹಿಡಿದುಕೊಂಡಿದೆ, ಅಕ್ಷರ ಸೊಟ್ಟಗಾದರೆ ಕ್ಷಮಿಸು.

ಗುರುಗಳು ಹೆಂಗಸು ಕಣೋ. ಮಾರ್ವಿಯಾ ಗುರುಗಳು. ಅವರು ಯಾರನ್ನೂ ಮದುವೆಯಾಗುತ್ತಿಲ್ಲ, ನಾನೂ ಆಗುತ್ತಿಲ್ಲ. ನಾನು ಅವರ ಹತ್ತಿರ ಕುರಾನ್ ಓದಲು ಕಲಿಯುತ್ತಿದ್ದೇನೆ.

ಜಲಾಲು ಗಂಟನ್ನು ಸೀದಾ ಗುರುಗಳ ಮನೆಗೇ ತಂದುಕೊಟ್ಟ. ನಾನೂ ಅಲ್ಲೇ ಇದ್ದೆ. ಗುರುಗಳು ಕನ್ನಡಕ ಹಾಕಿಕೊಂಡು ನಿನ್ನ ಪತ್ರವನ್ನು ಮೊದಲಿನಿಂದ ಕೊನೆಯವರೆಗೆ ಗಟ್ಟಿಯಾಗಿ ಓದಿದರು. ಚಾಪೆಯ ಮೇಲೆ ಪಾಠಕ್ಕೆ ಕೂತಿದ್ದ ಮಕ್ಕಳೆಲ್ಲ ಬಾಯಿ ಬಿಟ್ಟುಕೊಂಡು ಕೇಳಿದವು. ನನಗೆ ನೆಲ ಬಾಯಿಬಿಟ್ಟು ನುಂಗಬಾರದೇ ಎನ್ನಿಸಿತು. ಅವರು ಮಾತ್ರ ಒಂದಿಷ್ಟೂ ನಗದೆ ಗಂಟು ಬಿಚ್ಚಿದರು, ಟೋಪಿಯನ್ನು ತಲೆಯ ಸೆರಗಿನ ಮೇಲೇ ಇಟ್ಟುಕೊಂಡು ನೋಡಿದರು, ಕತ್ತಿಯನ್ನು ಬೆಳಕಿಗೆ ಹಿಡಿದರು.

"ಹುಡುಗ ಮರ್ಯಾದಸ್ಥ ಕಣೆ ಹಡಾರಾ," ಎಂದರು. "ಕತ್ತಿ ಇರ್ಲಿ, ಗಡ್ಡ ಬಂದಾಗ ನೋಡಿಕೊಳ್ಳೋಣ. ಟೋಪಿ ಮಾತ್ರ ಒಂಚೂರು ದೊಡ್ಡದಾಯ್ತು."

ಆಮೇಲೆ ನಕ್ಕರು ನೋಡು. ಅವರು ನಕ್ಕದ್ದನ್ನು ಊರಿನಲ್ಲಿ ಯಾರೂ ಕಂಡಿರಲಿಲ್ಲ. ಮಕ್ಕಳು ಹೆದರಿ ಹಿಂದೆ ಸರಿದವು.

ಈಗ ಹೇಳಿಬಿಡುತ್ತೇನೆ. ನೀನೂ ನಾನೂ ಚಿಕ್ಕವರಿದ್ದಾಗ ಒಟ್ಟಿಗೇ ಓದಲು ಕೂತವರು. ಅಮ್ಮ ಹಾಸಿಗೆ ಹಿಡಿದಾಗ ನಾನು ಮಗ್ಗಕ್ಕೆ ಕೂತೆ, ನೀನು ಮುಂದುವರಿಸಿದೆ. ಕುರಾನ್ ಓದಿ ಮುಗಿಸಿದ ಮಕ್ಕಳ ಜೊತೆ ಮೌಲಿದ್ ದಿನ ನೀನು ಕುಣಿಯುವ ಕುದುರೆ ಏರಿ ಊರು ಸುತ್ತಿದಾಗ ನಾನು ಪಕ್ಕದಲ್ಲಿ ಓಡುತ್ತಿದ್ದೆ. ಅವತ್ತು ನನಗೆ ಹೊಟ್ಟೆಕಿಚ್ಚೇನೂ ಆಗಲಿಲ್ಲ, ನಿಜ ಹೇಳುತ್ತೇನೆ. ನನ್ನ ಸರದಿಯೂ ಬರುತ್ತದೆ ಎಂದುಕೊಂಡಿದ್ದೆ. ಆಮೇಲೆ ಮದುವೆ, ಮಗಳು, ರೇಷ್ಮೆ ನೂಲು. ಈಗ ಬಂದಿದೆ ಸರದಿ. ಮೊದಮೊದಲು ನಾಲಿಗೆ ಒಣಕಟ್ಟಿಗೆಯ ಹಾಗಿತ್ತು. ತಪ್ಪಿದರೆ ಗುರುಗಳು ಬೈಯುವುದಿಲ್ಲ, "ಮತ್ತೆ ಮೊದಲಿಂದ" ಎನ್ನುತ್ತಾರೆ ಅಷ್ಟೇ. ಅದಕ್ಕಿಂತ ಬೈದರೆ ವಾಸಿ.

ನಾನೂ ಕುದುರೆ ಏರಬೇಕು ಬೊರಹಿಮಾ. ಕುದುರೆಯ ಮುಂದೆ ನಿಂತು ಪದ ಹೇಳಲು ನೀನು ಬರಬೇಕು. ನಿನ್ನ ಪದ ಕೇಳಲು ಹಿಂದೆ ಮಜೆನೆ ಪೇಟೆಯಿಂದ ಜನ ಬರುತ್ತಿದ್ದರು. ಬೇರೆ ಯಾರಾದರೂ ಹೇಳಿದರೆ ನನಗೆ ಅದು ಪದವಲ್ಲ.

ಅಕ್ಕ

*

ಕೋಟಬಾರು, ನವೆಂಬರ್ 12, 1978

ಅಕ್ಕನಿಗೆ,

ಪತ್ರ ತಲುಪಿತು. ನನ್ನನ್ನು ಊರಿಗೆಲ್ಲ ನಗೆಪಾಟಲು ಮಾಡಿದ್ದಕ್ಕೆ ಸಂತೋಷ. ಜಲಾಲುವಿನ ಹುಡುಗರು ಇಲ್ಲಿಯ ಹಡಗುಕಟ್ಟೆಯ ಮೇಲೆ ನನ್ನನ್ನು ಕಂಡರೆ ಗಡ್ಡ ಸವರಿಕೊಂಡು ನಗುತ್ತಾರೆ.

ನೀನು ಓದುವುದು ಒಳ್ಳೆಯದು. ಆದರೆ ಕುದುರೆ ಏರುವುದು ಮಕ್ಕಳು. ಸ್ವಲ್ಪ ಯೋಚಿಸು.

ನನಗೆ ಬರಲಾಗುವುದಿಲ್ಲ. ಮೌಲಿದ್ ಬರುವುದು ಫೆಬ್ರವರಿಯಲ್ಲಿ, ಆಗ ಸರಕು ಜಾಸ್ತಿ, ಹಡಗನ್ನು ಬೇರೆಯವರ ಕೈಗೆ ಕೊಡಲಾಗುವುದಿಲ್ಲ. ಗಾಳಿಯೂ ಎದುರಿರುತ್ತದೆ. ಪದ ಹೇಳಲು ಬೇರೆ ಯಾರನ್ನಾದರೂ ನೋಡಿಕೋ.

ಬೊರಹಿಮಾ

*

ಕರಾಮಾ, ಡಿಸೆಂಬರ್ 14, 1978

ತಮ್ಮಾ,

ಫೆಬ್ರವರಿಯಲ್ಲಿ ಗಾಳಿ ಪಡುವಣದಿಂದ ಬೀಸುತ್ತದೆ. ಹಾಯಿ ಬಿಚ್ಚಿ ಸುಮ್ಮನೆ ಕೂತರೂ ಅದು ನಿನ್ನನ್ನು ನಮ್ಮ ಮರಳಿನ ಮೇಲೆ ತಂದು ಒಗೆಯುತ್ತದೆ. ಗಾಳಿ ಎದುರು ಎಂದು ಗದ್ದೆಯವರಿಗೆ ಬರಿ, ಕಡಲು ದಾಟಿದ ಅಪ್ಪನ ಮಗಳಿಗೆ ಬರೆಯಬೇಡ.

ಮೂರು ದಿನ ಸಿಟ್ಟಿನಲ್ಲಿದ್ದೆ. ಕೊನೆಗೆ ಜಲಾಲುವಿನ ಹೆಂಡತಿಯನ್ನು ಹಿಡಿದು ಕೇಳಿದೆ. ಅವಳು ಹೇಳಲೋ ಬೇಡವೋ ಎಂದು ಒದ್ದಾಡಿ ಎಲ್ಲ ಹೇಳಿದಳು. ಎರಡು ವರ್ಷದ ಹಿಂದೆ ಹಲಗೆಯ ರಾಶಿ ಕುಸಿದು ನಿನ್ನ ಸೊಂಟಕ್ಕೆ ಬಿದ್ದದ್ದು. ಆಮೇಲೆ ನೀನು ಹಡಗು ಹತ್ತದೇ ಇರುವುದು. ಈಗ ಅಲ್ಲಿಯ ಹಡಗುಕಟ್ಟೆಯ ಮೇಲೆ ಮಣ್ಣಿನ ಹೆಂಚಿಟ್ಟುಕೊಂಡು ಮರಗೆಣಸಿನ ರೊಟ್ಟಿ ಸುಟ್ಟು ಮಾರುತ್ತಿರುವುದು. ಅದರ ಜೊತೆಗೆ ಮೀನುಸಾರು.

ಬಿಸಿನೀರು ಕಾಯಿಸಲೂ ಬಾರದ ನೀನು ರೊಟ್ಟಿ ಸುಡುತ್ತೀಯ ಎಂದು ಕೇಳಿ ಮೊದಲು ನಗು ಬಂತು, ಆಮೇಲೆ ಅಳು. ಅಳು ಸೊಂಟಕ್ಕೆ, ರೊಟ್ಟಿಗಲ್ಲ. ನೀನು ಬಿದ್ದಾಗ ಯಾರೂ ನನಗೆ ಹೇಳಲಿಲ್ಲವಲ್ಲ. ನಿನ್ನ ರೊಟ್ಟಿ ಸಿಗುತ್ತದೆಂದೇ ನಮ್ಮವರ ಹಡಗುಗಳು ಆ ಕಟ್ಟೆಗೆ ಬಂದು ಕಟ್ಟುತ್ತವಂತೆ. ಜಲಾಲು ಹೇಳುತ್ತಾನೆ, ಅದರಲ್ಲಿ ಅವನ ತಾಯಿಯ ಕೈರುಚಿ ಇದೆಯಂತೆ. ಇಂಥದ್ದನ್ನು ಮುಚ್ಚಿಟ್ಟು ಸುರಬಾಯ, ಉಪ್ಪು ಎಂದೆಲ್ಲ ಬರೆದೆಯಲ್ಲೋ.

ಚುಕ್ಕಾಣಿ ಹಿಡಿದು ಬಂದರೆ ಮಾತ್ರ ಊರಿಗೆ ಬರುತ್ತೇನೆ ಎಂದು ನೀನು ಮನಸ್ಸಿನಲ್ಲೇ ಹಟ ಹಿಡಿದಿದ್ದೀಯ. ಬೇಡ. ನಾನು ನಿನ್ನ ಚುಕ್ಕಾಣಿ ಕೇಳಿಲ್ಲ. ಬಾಯಿ ತಗೊಂಡು ಬಾ, ಸಾಕು.

ನನ್ನ ಕಥೆಯೂ ನೆಟ್ಟಗಿಲ್ಲ. ತನ್ನದು ಮಕ್ಕಳನ್ನು ಹೊರುವ ಕುದುರೆ, ಕುಣಿಯುವಾಗ ನಾನು ಬಿದ್ದರೆ ತನ್ನ ಹೆಸರು ಕೆಡುತ್ತದೆ ಎಂದು ಸಾಲೆಂಗ್ ಖಡಾಖಂಡಿತ ಹೇಳಿಬಿಟ್ಟ. ಅವನ ತಾಯಿ ಒಳಗಿನಿಂದ ಕೇಳಿಸಿಕೊಂಡು ಕೋಲೂರಿಕೊಂಡು ಹೊರಗೆ ಬಂದಳು. "ವಾರವಿಡೀ ಅದು ತೆಂಗಿನಕಾಯಿ ಮೂಟೆ ಹೊರುತ್ತಲ್ಲೋ. ಹಡಾರಾ ಕಾಯಿ ಮೂಟೆಗಿಂತ ಭಾರವೇನೋ?" ಎಂದಳು. ಅವನು ಮುಖ ಊದಿಸಿಕೊಂಡು ಒಪ್ಪಿದ.

ಆದರೆ ಕುದುರೆಯ ಮೇಲೆ ಇಬ್ಬರು ಕೂರಬೇಕು. ಮುಂದೆ ಕೂರುವ ಜೊತೆಗಾತಿ ಯಾವಾಗಲೂ ಊರಿನ ಚಂದದ ಹುಡುಗಿ. ಮುದುಕಿಯ ಜೊತೆ ಕೂತು ನಗೆಗೀಡಾಗಲು ಯಾವ ಹುಡುಗಿಯೂ ಒಪ್ಪಲಿಲ್ಲ. ನನ್ನ ಮಗಳು ಸುಹುರಾ ಕೂಡ, ಅಮ್ಮಾ ನನ್ನನ್ನು ಬಿಟ್ಟುಬಿಡು ಎಂದಳು. ಮೊನ್ನೆ ಗುರುಗಳ ಎದುರು ಪುಸ್ತಕ ಮುಚ್ಚಿ, ಓದು ಮುಗಿಸುತ್ತೇನೆ, ಕುದುರೆ ಬೇಡ ಎಂದುಬಿಟ್ಟೆ. ಅವರು ಪುಸ್ತಕ ಮತ್ತೆ ತೆರೆದು ಪಾಠ ಮುಂದುವರಿಸಿದರು.

ಬಾ ಬೊರಹಿಮಾ.

ಹಡಾರಾ

*

ಕೋಟಬಾರು, ಜನವರಿ 21, 1979

ಅಕ್ಕಾ,

ಜಲಾಲುವಿನ ಹಡಗಿನ ಅಡುಗೆಯವನು ಜ್ವರ ಬಂದು ಮಲಗಿದ್ದಾನೆ. ಆ ಜಾಗಕ್ಕೆ ನಾನು ಬರುತ್ತೇನೆಂದು ಹೇಳಿದ್ದೇನೆ. ಜಲಾಲು ಎರಡು ಸಲ ಕೇಳಿದ, ತಪ್ಪು ಕೇಳಿಸಿಕೊಂಡೆನೇನೋ ಎಂದು.

ನಾನೂ ಅದೇ ಹಡಗಿನಲ್ಲಿ ಬರುವಾಗ ಈ ಪತ್ರ ಯಾಕೆ ಎನ್ನುತ್ತೀಯ. ಕಟ್ಟೆಯ ಮೇಲೆ ಹೋದ ಮೇಲೆ ನನಗೆ ಮನಸ್ಸು ಹಿಂದೆಗೆದರೆ ಇದಾದರೂ ಬಂದು ನಿನ್ನನ್ನು ಮುಟ್ಟಲಿ ಎಂದು. ಹೆಂಚನ್ನು ಗಲುಹ್ ನೋಡಿಕೊಳ್ಳುತ್ತಾಳೆ. ಹೋಗಿ ಬನ್ನಿ, ಇಲ್ಲದಿದ್ದರೆ ನಾನೇ ಹೋಗಿ ಪದ ಹೇಳಿಬಿಡುತ್ತೇನೆ ಎಂದು ಹೆದರಿಸಿದ್ದಾಳೆ.

ಬೊರಹಿಮಾ

*

ಕರಾಮಾ, ಏಪ್ರಿಲ್ 6, 1979

ತಮ್ಮ ಬೊರಹಿಮಾನಿಗೆ,

ನೀನು ಹೋದ ಮೇಲೆ ಮನೆಯಲ್ಲಿ ಮಾತೇ ಇಲ್ಲ. ನೀನಿದ್ದಷ್ಟು ದಿನ ನಿನ್ನದೇ ಮಾತು. ಯಾರ ಜಗಲಿಗೆ ಹೋದರೂ ಕುದುರೆಯ ಕಥೆಯನ್ನು ನೀನೇ ಹೇಳಿದೆ, ನಾನು ಬಾಯಿ ತೆರೆದರೆ "ಅಕ್ಕಾ ತಾಳು" ಎಂದೆ. ಕುದುರೆಯ ಮೇಲೆ ಕೂತವಳು ನಾನು. ನೀನು ಮುಂದಿದ್ದವನು, ನಿನಗೆ ಹಿಂದಿನದು ಏನು ಕಂಡೀತು? ಈಗ ಅಡ್ಡ ಬರಲು ನೀನಿಲ್ಲ, ಕೂತು ಬರೆಯುತ್ತೇನೆ.

ಅವತ್ತು ಬೆಳಿಗ್ಗೆ ಮಸೀದಿಯಲ್ಲಿ ಮಕ್ಕಳ ಸಾಲಿನ ಕೊನೆಗೆ ಕೂತು ನಾನು ಓದಿದೆ. ಸ್ವರ ನಡುಗಲಿಲ್ಲ. ಮಕ್ಕಳ ಗಮನವೆಲ್ಲ ಹಬ್ಬಕ್ಕೆಂದು ಬಾಳೆದಿಂಡಿಗೆ ಚುಚ್ಚಿದ ಬಣ್ಣದ ಮೊಟ್ಟೆಗಳ ಮೇಲಿತ್ತು, ಅದೂ ಒಳ್ಳೆಯದೇ ಆಯಿತು. ಓದು ಮುಗಿದಾಗ ಇಮಾಮರು, ಸರಿ, ಎಂದರು. ಅಷ್ಟೇ. ಆ ಒಂದು ಮಾತನ್ನು ನಾನು ಊಟದಂತೆ ಉಂಡೆ.

ಹೊರಗೆ ಬಂದರೆ ಕುದುರೆಗಳು ಸಾಲಾಗಿ ನಿಂತಿವೆ. ಪ್ರತಿ ಕುದುರೆಯ ಮೇಲೂ ಜೊತೆಗಾತಿಯರು ಹೂವಿನ ಹಾಗೆ ಕೂತಿದ್ದಾರೆ. ನೀನು ಬಂದ ಮೇಲೆ ಮತ್ತೆ ಬೇಕೆಂದಿದ್ದ ನನ್ನ ಕುದುರೆ ಮಾತ್ರ ಬರಿದು. ನಾನು ಕಾಲು ಹಿಂದಕ್ಕೆ ಇಟ್ಟೆ, ನಿಜವಾಗಿಯೂ ಮನೆಗೆ ಓಡಿಬಿಡುತ್ತಿದ್ದೆ. ಆಗ ನೋಡಿದರೆ ಗುರುಗಳು. ಕೆಂಪು ರೇಷ್ಮೆಯ ಲುಂಗಿ, ಕಿವಿಗೆ ಓಲೆ, ಕೈತುಂಬ ಬಳೆ. ಆ ರೇಷ್ಮೆ ನಾನೇ ನೇಯ್ದು ಕೊಟ್ಟದ್ದು, ಅವರು ಒಂದು ದಿನವೂ ಉಟ್ಟಿರಲಿಲ್ಲ. ಎಷ್ಟೋ ಮಕ್ಕಳನ್ನು ಕುದುರೆ ಹತ್ತಿಸಿ ಅವರ ಚಪ್ಪಲಿ ಹಿಡಿದುಕೊಂಡು ಹಿಂದೆ ನಡೆದವರು ಅವರು. ತಾವು ಓದು ಮುಗಿಸಿದ ವರ್ಷ ಅವರ ತಂದೆ ಕಡಲಿನಿಂದ ಮರಳಲಿಲ್ಲವಂತೆ. ಹಬ್ಬವೇ ಆಗಲಿಲ್ಲವಂತೆ. ಇದನ್ನು ಅವರು ನನಗೆ ಹೇಳಿದ್ದು ಕುದುರೆಯ ಮೇಲೆ ಕೂತ ಮೇಲೆ, ಬೆನ್ನು ತಿರುಗಿಸಿಕೊಂಡೇ.

ಹತ್ತುವಾಗ ಮಾತ್ರ ಹೇಳಿದ್ದು ಇಷ್ಟೇ. "ನಾನು ಮುಂದೆ ಕೂರ್ತೀನಿ. ನಿನಗೆ ಹಿಡ್ಕೊಳ್ಳೋಕೆ ಏನಾದ್ರೂ ಬೇಕಲ್ಲ."

ಮೊದಲು ಜನ ನಕ್ಕರು. ಇಬ್ಬರು ಮುದುಕಿಯರು, ಒಂದು ಕುದುರೆ. ನೀನು ಮುಂದೆ ನಿಂತು ಪದ ಎತ್ತಿದೆಯಲ್ಲ, ಆಗ ನಗು ನಿಂತಿತು. ಅದನ್ನು ಈಗ ಊರಿನ ಹುಡುಗರೆಲ್ಲ ಬಾಯಿಪಾಠ ಮಾಡಿದ್ದಾರೆ. ನಾನೂ ಬರೆದಿಡುತ್ತೇನೆ, ನೀನು ಆಮೇಲೆ ಬೇರೆ ಥರ ಹೇಳಬಾರದು.

ಎಳೆಗಾಯಿ ಕುದುರೆ ಏರಿದ್ದ ಕಂಡಿದ್ದಿರಿ,
ಮಾಗಿದ ಹಣ್ಣು ಏರಿದ್ದು ಕಂಡಿರಾ?
ದಾರಿ ಬಿಡಿ ಹುಡುಗರೇ, ಸರಿದು ನಿಲ್ಲಿರಿ,
ಘಮಕೆ ಕುದುರೆಯೇ ಕುಣಿದೀತು.

ಹೆಂಗಸರು ತಮಟೆ ಬಡಿಯಲು ಶುರುಮಾಡಿದರು. ಆದರೆ ಕುದುರೆ ಕುಣಿಯಲಿಲ್ಲ. ನೀನು ಜನರ ಕಡೆ ಕೈಯೆತ್ತಿಕೊಂಡು ನಿಂತಿದ್ದೆ, ನಿನಗೆ ಗೊತ್ತಾಗಲಿಲ್ಲ. ಅದು ಕಲ್ಲಿನ ಹಾಗೆ ನಿಂತುಬಿಟ್ಟಿತ್ತು. ಸಾಲೆಂಗ್ ಹಗ್ಗ ಎಳೆದ, ಕಿವಿಯಲ್ಲಿ ಏನೋ ಬೇಡಿಕೊಂಡ, ಬೆವರಿದ. ಹಿಂದಿನ ಕುದುರೆಗಳೆಲ್ಲ ತಲೆ ಕುಣಿಸುತ್ತ ಮುಂಗಾಲು ಎತ್ತುತ್ತ ನಮ್ಮ ಬೆನ್ನಿಗೆ ಬಂದು ನಿಂತವು. ಇಳಿದುಬಿಡೋಣ ಗುರುಗಳೇ ಎಂದೆ.

ಗುರುಗಳು ಮುಂದಕ್ಕೆ ಬಾಗಿ ಕುದುರೆಯ ಕುತ್ತಿಗೆಗೆ ಎರಡು ಬೆರಳಿನಿಂದ ತಟ್ಟಿದರು. ಪಾಠ ತಪ್ಪಿದ ಮಕ್ಕಳಿಗೆ ತಟ್ಟುವ ಹಾಗೆ.

"ತಲೆ ಎತ್ತು," ಎಂದರು. "ಮತ್ತೆ ಮೊದಲಿಂದ."

ತಮಟೆಯವರು ಅದನ್ನು ತಮಗೇ ಹೇಳಿದ್ದೆಂದುಕೊಂಡು ಮೊದಲಿನಿಂದ ಶುರುಮಾಡಿದರು. ಕುದುರೆ ಏನೆಂದುಕೊಂಡಿತೋ, ಒಂದು ಕಾಲು ಎತ್ತಿತು, ಇನ್ನೊಂದು ಎತ್ತಿತು, ತಲೆ ಕೊಡವಿ ಕುಣಿದದ್ದೇ ಕುಣಿದದ್ದು. ನನ್ನ ಹಲ್ಲು ಕಟಕಟ ಅಲ್ಲಾಡಿದವು. ಗುರುಗಳ ಸೊಂಟವನ್ನು ಗಟ್ಟಿಯಾಗಿ ತಬ್ಬಿ ಹಿಡಿದೆ. ನಮಗೆ ಕೊಡೆ ಹಿಡಿದು ಪಕ್ಕದಲ್ಲಿ ಬರುತ್ತಿದ್ದವನು ಓಡಿ ಓಡಿ ಸುಸ್ತಾದ. ಬಾವಿಯ ಹತ್ತಿರ ತಿವಿದುಕೊಂಡು ನಗುತ್ತಿದ್ದ ಹೆಂಗಸರು ಮನೆಯ ಮೆಟ್ಟಿಲ ಮೇಲೆ ನಿಂತು ನನ್ನ ಹೆಸರು ಕೂಗಿದರು. ಸುಹುರಾ ಜನರನ್ನು ತಳ್ಳಿಕೊಂಡು ಬಂದು ನನ್ನ ಪಾದ ಹಿಡಿದುಕೊಂಡು ಓಡುತ್ತಿದ್ದಳು, ಅಳುತ್ತಿದ್ದಳು, ಅಮ್ಮಾ ಬೀಳಬೇಡ ಎನ್ನುತ್ತಿದ್ದಳು. ಎತ್ತರದಿಂದ ನಮ್ಮೂರು ಎಷ್ಟು ಚಂದ ಕಾಣುತ್ತದೆ ಗೊತ್ತೇ? ಬೇಲಿಯ ಆಚೆಯ ಕಡಲು, ಮರಳ ಮೇಲೆ ಎಳೆದಿಟ್ಟ ಬಿಳಿ ದೋಣಿಗಳು, ನಿನ್ನ ಬೋಳುತಲೆ.

ಇದೇ ನನ್ನ ಕಥೆ. ಇನ್ನು ನೀನು ಬೇಕಾದಷ್ಟು ಹೇಳಿಕೋ.

ಅಕ್ಕ

*

ಕೋಟಬಾರು, ಏಪ್ರಿಲ್ 30, 1979

ಪ್ರೀತಿಯ ಅಕ್ಕನಿಗೆ,

ಕುದುರೆ ನಿಂತಿತ್ತೆಂದು ನನಗೆ ಗೊತ್ತಿತ್ತು. ತಮಟೆಯ ಸದ್ದಿನ ಹಿಂದೆ ಗೊರಸಿನ ಸದ್ದು ಕೇಳಿಸದಿದ್ದರೆ ತಿಳಿಯುವುದಿಲ್ಲವೇ? ತಿರುಗಿ ನೋಡಲು ಹೆದರಿ ಕೈಯೆತ್ತಿಕೊಂಡು ಹಾಗೇ ನಿಂತಿದ್ದೆ.

ಎದುರಿಗೆ ಹೇಳಲಾಗದ ಒಂದು ಮಾತನ್ನು ಬರೆಯುತ್ತೇನೆ. ನಮ್ಮ ಹಡಗು ಕರಾಮಾದ ಹತ್ತಿರ ಬಂದಾಗ ನಾನು ಒಲೆಯ ಹತ್ತಿರ ಬಗ್ಗಿ ಕೂತುಬಿಟ್ಟೆ, ದಡದವರಿಗೆ ಕಾಣಬಾರದೆಂದು. ಮೈಗೆಲ್ಲ ಮಸಿ. ಜಲಾಲು ಚುಕ್ಕಾಣಿಯಿಂದಲೇ, ಅಣ್ಣಾ ದಡದಲ್ಲಿ ನಿಮ್ಮಕ್ಕ ಇದ್ದಾರೆ ಎಂದ. ತಲೆ ಎತ್ತಿ ನೋಡಿದರೆ ನೀನು ಸೊಂಟದವರೆಗೆ ನೀರಿಗೆ ಇಳಿದು ಬಂದಿದ್ದೆ. ನನ್ನನ್ನು ಕಂಡವಳೇ ಬೇರೇನೂ ಕೇಳಲಿಲ್ಲ, "ಏನು ಸಾರು ಮಾಡಿದ್ದೀಯೋ, ಇಲ್ಲಿಗೇ ಘಮ ಬರ್ತಿದೆ," ಎಂದೆ. ಎರಡು ವರ್ಷ ಯಾವುದಕ್ಕೆ ಹೆದರಿದ್ದೆನೋ ಅದೆಲ್ಲ ಆ ನೀರಿನಲ್ಲಿ ಹೋಯಿತು.

ಈಗ ಹೊಸ ಸುದ್ದಿ. ನಾನಿಲ್ಲದಾಗ ಗಲುಹ್ ಸುಮ್ಮನಿರಲಿಲ್ಲ. ನೀನು ಕುದುರೆ ಏರುವ ವಿಷಯವನ್ನು ರೊಟ್ಟಿಯ ಜೊತೆ ಎಲ್ಲರಿಗೂ ಹಂಚಿದ್ದಾಳೆ. ಇಲ್ಲಿ ನೆಲೆಸಿದ ನಮ್ಮವರ ಇಲ್ಲಿಯ ಹೆಂಡತಿಯರು, ಅತ್ತೆಯಂದಿರು ಕಟ್ಟೆಗೆ ಬಂದು ಹೆಂಚಿನ ಸುತ್ತ ಕೂರುತ್ತಾರೆ. ಎಲ್ಲರದೂ ಒಂದೇ ಮಾತು. ಅವರಲ್ಲಿ ಕುರಾನ್ ಓದು ಅರ್ಧಕ್ಕೆ ಬಿಟ್ಟವರೇ ಜಾಸ್ತಿ, ಇಲ್ಲಿ ಹೆಂಗಸರಿಗೆ ಹೇಳಿಕೊಡುವವರು ಯಾರೂ ಇಲ್ಲ. ಮಾರ್ವಿಯಾ ಗುರುಗಳು ಒಂದು ಮಳೆಗಾಲದ ಮಟ್ಟಿಗಾದರೂ ಬರುತ್ತಾರೆಯೇ ಎಂದು ಕೇಳಿ ಬರೆಯಲು ನನ್ನ ತಲೆ ತಿನ್ನುತ್ತಿದ್ದಾರೆ. ಅವರು ಯಾವತ್ತೂ ಹಡಗು ಹತ್ತಿದವರಲ್ಲ, ಗೊತ್ತು. ನಮ್ಮ ಯಾವ ಹೆಂಗಸು ತಾನೇ ಹತ್ತಿದ್ದಾಳೆ? ಕೇಳಿ ನೋಡು, ಒತ್ತಾಯವಿಲ್ಲ. ಆಗುವುದಿಲ್ಲ ಎಂದರೆ ಈ ಹೆಂಗಸರಿಗೆ ಏನು ಹೇಳಬೇಕೆಂದು ಬೇಗ ಉತ್ತರ ಬರಿ.

ನಿನ್ನ ತಮ್ಮ, ಅಡುಗೆಯ ಬೊರಹಿಮಾ

*

ಕರಾಮಾ, ಮೇ 22, 1979

ತಮ್ಮಾ,

ಗುರುಗಳಿಗೆ ನಿನ್ನ ಪತ್ರ ಓದಿ ಹೇಳಿದೆ. ಎಷ್ಟು ಹೊತ್ತಿಗೆ ಹೊರಡುವುದು ಎಂದು ಕೇಳಿದರು.

ಇಲ್ಲಿಯ ಮಕ್ಕಳನ್ನು ಅವರ ಹಳೆಯ ಶಿಷ್ಯೆಯೊಬ್ಬಳಿಗೆ ಒಪ್ಪಿಸಿದ್ದಾರೆ. ಇಬ್ಬರು ಹೆಂಗಸರು ಕಡಲು ದಾಟುವುದು ಸರಿಯೇ ಎಂದು ಮಸೀದಿ ಕಟ್ಟೆಯ ಮುದುಕರು ಬೆಳಗಿನಿಂದ ಮಾತಾಡುತ್ತಿದ್ದಾರೆ. ಅವರು ಮುಗಿಸುವ ಹೊತ್ತಿಗೆ ನಾವು ಅರ್ಧ ದಾರಿಯಲ್ಲಿರುತ್ತೇವೆ. ಹೌದು, ಇಬ್ಬರು. ಅವರನ್ನು ಒಬ್ಬರೇ ಹೇಗೆ ಕಳಿಸಲಿ? ಅಪ್ಪ, ಗಂಡ, ತಮ್ಮ ಎಲ್ಲರೂ ದಾಟಿದ ನೀರು, ನಾನೂ ಒಂದು ಸಲ ನೋಡುತ್ತೇನೆ. ಮಗ್ಗ ಬಿಚ್ಚಿ ಕಟ್ಟಿದ್ದೇನೆ, ಅಲ್ಲೇ ಹೂಡಿದರಾಯಿತು. ಸುಹುರಾ ಒಂದು ಗಂಟೆ ಅತ್ತು, ಆಮೇಲೆ ದಾರಿಗೆ ಸಿಹಿ ಮಾಡಲು ತೆಂಗಿನಕಾಯಿ ತುರಿಯಲು ಕೂತಿದ್ದಾಳೆ.

ಈ ಪತ್ರ ಇವತ್ತು ಹೊರಡುವ ಬೇರೆ ಹಡಗಿನಲ್ಲಿ ಮುಂದೆ ಬರುತ್ತದೆ. ನಾವು ಹಿಂದಿನಿಂದ ಜಲಾಲುವಿನ ಜೊತೆ. ಗಾಳಿ ಮೂಡಣದ್ದು, ಬೆನ್ನಿಗಿದೆ.

ಇದಕ್ಕೆ ಉತ್ತರ ಬರೆಯಬೇಡ. ಓದಲು ನಾನಿಲ್ಲಿ ಇರುವುದಿಲ್ಲ.

ಹಡಾರಾ